ಮೇವಿಸಳ ಕಾಲಿನ ಅಳತೆ

ಮಂಗಳವಾರ ಸಂಜೆ ತಟ್ಟೆ ಬಟ್ಟಲು ತೊಳೆದಿಟ್ಟ ಮೇಲೆ ಮೇವಿಸ್ ಟ್ರೋಮನ್ಸ್ ಉಲ್ಲನ್ ಉಂಡೆಯನ್ನೂ ಹೆಣಿಗೆ ಕಡ್ಡಿಗಳನ್ನೂ ಎತ್ತಿಕೊಂಡು ಕಾರಿನಲ್ಲಿ ಕೂರಲು ಹೋಗುತ್ತಿದ್ದಳು. ಕಾರು ಅಂದರೆ ಆಗಿನ್ನೂ ಅದು ಕಾರಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ನಾಲ್ಕು ಮೂಲೆಗೂ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಕಬ್ಬಿಣದ ಚೌಕಟ್ಟು, ಅದರ ಮೇಲೆ ಸ್ನಾನದ ತೊಟ್ಟಿಯಂತೆ ಕೂತ ಫೈಬರಿನ ಒಡಲು, ಅಷ್ಟೇ. ಚಕ್ರವಿಲ್ಲ, ಎಂಜಿನ್ ಇಲ್ಲ, ಹಿಡಿದುಕೊಳ್ಳಲು ಸ್ಟಿಯರಿಂಗ್ ಇಲ್ಲ. ಒಡಲಿನ ಜೊತೆಗೇ ಅಚ್ಚು ಹೊಯ್ದ ಎರಡು ಸೀಟುಗಳಿದ್ದವು. ಅವನ್ನು ಹಿಂದೆ ಮುಂದೆ ಸರಿಸುವ ಹಾಗಿರಲಿಲ್ಲ. ಬಲಗಡೆಯದರಲ್ಲಿ, ಅಂದರೆ ಓಡಿಸುವವರ ಸೀಟಿನಲ್ಲಿ, ಮೇವಿಸ್ ಕೂತು ಹೆಣೆಯಲು ಶುರುಮಾಡುತ್ತಿದ್ದಳು. ಅವಳ ಗಂಡ ಸಿರಿಲ್ ಸ್ಟೀಲಿನ ಅಳತೆಪಟ್ಟಿ ಮತ್ತು ಸೀಮೆಸುಣ್ಣ ಹಿಡಿದು ಅವಳ ಕಾಲಿನ ಬಳಿ ಹೊಟ್ಟೆ ಅಡಿಯಾಗಿ ಮಲಗುತ್ತಿದ್ದ.

"ಕಾಲು ಚಾಚು. ಪೂರ್ತಿ ಅಲ್ಲ, ಮಂಡಿ ಸ್ವಲ್ಪ ಸಡಿಲ ಬಿಡು."

"ಇಷ್ಟು ಸಾಕಾ?"

"ಸಾಕು. ಅಲ್ಲಾಡಬೇಡ ಹುಡುಗಿ, ಗೆರೆ ಕೆಡುತ್ತೆ."

ಮೇವಿಸಳಿಗೆ ಆಗ ನಲವತ್ತೊಂಬತ್ತು. ಇಂಗ್ಲೆಂಡಿನ ನಮ್ಮ ಈ ಊರು ಕ್ರೇಡ್ಲಿ ಹೀತಿನಲ್ಲಿ ಹೆಂಡತಿ ಎಂಬತ್ತು ದಾಟಿದರೂ ಗಂಡನ ಬಾಯಲ್ಲಿ ಹುಡುಗಿಯೇ, ಅದಕ್ಕೆ ಯಾರೂ ಉಬ್ಬುವುದಿಲ್ಲ.

ಸಿರಿಲ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಅಚ್ಚುಗಳನ್ನೂ ಅಳತೆಯ ಗೇಜುಗಳನ್ನೂ ಮಾಡಿದವನು. ಕೂದಲೆಳೆಯ ಹತ್ತನೆಯ ಒಂದು ಪಾಲು ಹೆಚ್ಚು ಕಡಿಮೆಯಾದರೂ ಅವನಿಗೆ ಆ ದಿನ ಊಟ ರುಚಿಸುತ್ತಿರಲಿಲ್ಲ. ಎಂಬತ್ತಮೂರನೆಯ ಇಸವಿಯಲ್ಲಿ, ಇಷ್ಟು ವರ್ಷ ಯಾರ್‍ಯಾರಿಗೋ ಮಾಡಿದ್ದು ಸಾಕು, ಇನ್ನು ನನಗೊಂದು ಮಾಡಿಕೊಳ್ಳುತ್ತೇನೆ ಅಂತ ಪಣ ತೊಟ್ಟು, ಬಿಡಿಭಾಗಗಳ ರೂಪದಲ್ಲಿ ಬರುವ ಕಾರೊಂದನ್ನು ತರಿಸಿಕೊಂಡ. ಮೇಲ್ಛಾವಣಿಯಿಲ್ಲದ, ಉದ್ದ ಮೂಗಿನ, ಇಬ್ಬರೇ ಕೂರಬಹುದಾದ ಗಾಡಿ. ಚೌಕಟ್ಟು, ಒಡಲು, ಒಂದು ಡಬ್ಬಿ ತುಂಬ ತುಂಡು ತುಣುಕು, ಜೊತೆಗೆ ಹದಿನೆಂಟು ಪುಟದ ಪುಸ್ತಕ. ಹನ್ನೊಂದನೆಯ ಪುಟದಲ್ಲಿ "ಈಗ ಎಂಜಿನ್ ಜೋಡಿಸಿ" ಎಂದು ಒಂದೇ ಸಾಲು ಇತ್ತು. ಹೇಗೆ ಅಂತ ಇರಲಿಲ್ಲ. ಸಿರಿಲನಿಗೆ ಆ ಸಾಲು ಓದಿ ಆದಷ್ಟು ಸಂತೋಷ ಮಗಳು ಹುಟ್ಟಿದಾಗಲೂ ಆಗಿತ್ತೋ ಇಲ್ಲವೋ.

ಎಂಜಿನ್ನಿಗೆಂದು ಅವರ ಹಳೆಯ ಸಂಸಾರದ ಕಾರನ್ನೇ ಬಿಚ್ಚಿ ಹಾಕಿದ. ಅಲ್ಲಿಂದ ಮುಂದೆ ಟ್ರೋಮನ್ಸ್ ಕುಟುಂಬ ಬಸ್ಸಿನಲ್ಲಿ ಓಡಾಡಿತು. ಎದುರುಮನೆಯ ಹೊರೇಸ್ ಬಿಲ್ಲಿಂಗ್‌ಹ್ಯಾಮ್ ಬೇಲಿಯ ಮೇಲೆ ಮೊಣಕೈ ಊರಿ ದಿನಾ ಕೇಳುತ್ತಿದ್ದ.

"ಏನಪ್ಪಾ ಸಿರಿಲ್, ವಿಮಾನ ಯಾವಾಗ ಹಾರುತ್ತೆ?"

"ನಿನ್ನ ಬಾಯಿ ಮುಚ್ಚಿದ ದಿನ."

"ಹಾಗಾದ್ರೆ ನಾವಿಬ್ಬರೂ ಸತ್ತ ಮೇಲೆ ಅನ್ನು."

ಸಿರಿಲನಿಗೆ ಒಂದು ವ್ರತವಿತ್ತು. ಟೂಲ್ ರೂಮಿನಲ್ಲಿ ಗೇಜು ಮಾಡಿದವನೇ ಅದನ್ನು ಪಾಸು ಮಾಡುವಂತಿಲ್ಲ. ಮುಗಿಯುವ ತನಕ ಅದನ್ನು ತಾನೇ ಪರೀಕ್ಷೆಗೆ ಹಚ್ಚಿ ನೋಡುವುದೂ ಸಲ್ಲದು. ಅದೇ ಪದ್ಧತಿಯನ್ನು ಮನೆಗೂ ತಂದಿದ್ದ. ಕಾರು ಪೂರ್ತಿ ಮುಗಿದು ಬಾಗಿಲಾಚೆ ನಿಲ್ಲುವ ತನಕ ತಾನು ಅದರಲ್ಲಿ ಕೂರುವುದಿಲ್ಲ. ಭಾನುವಾರದ ಊಟದಲ್ಲಿ ಹಂದಿಮಾಂಸದ ಗರಿಗರಿ ಚರ್ಮವನ್ನು ತಟ್ಟೆಯ ಅಂಚಿಗೆ ಸರಿಸಿಟ್ಟು ಕೊನೆಗೆ ತಿನ್ನುವ ಜಾತಿ ಅವನು. ಆದ್ದರಿಂದ ಕೂರುವ ಕೆಲಸ ಮೇವಿಸಳ ಪಾಲಿಗೆ ಬಂತು. ಲೆಕ್ಕ ಸುಲಭವಾಗಿತ್ತು. ಗೋಡೆಗೆ ನಿಂತು ಇಬ್ಬರ ಕಾಲನ್ನೂ ಅಳೆದಾಗಿತ್ತು. ಅವನದು ಅವಳದಕ್ಕಿಂತ ಐದೂಕಾಲು ಇಂಚು ಉದ್ದ. ಅವಳ ಪಾದ ಎಲ್ಲಿಗೆ ಮುಟ್ಟುತ್ತದೋ ಅಲ್ಲೊಂದು ಗೆರೆ, ಅಲ್ಲಿಂದ ಐದೂಕಾಲು ಇಂಚು ಮುಂದೆ ಅವನ ಗೆರೆ. ಕ್ಲಚ್ಚು, ಬ್ರೇಕು, ಆಕ್ಸಿಲರೇಟರುಗಳ ಪೆಟ್ಟಿಗೆಯನ್ನು ಅವನ ಗೆರೆಗೆ ಕೂರಿಸಿ ರಿವೆಟ್ ಹೊಡೆಯುವುದು.

ಅಂಥ ಒಂದು ಮಂಗಳವಾರ ಅವಳ ಗೆರೆ ಎಳೆದಾಯಿತು. "ನಂದು ನಾಳೆ ಎಳೀತೀನಿ," ಎಂದು ಸಿರಿಲ್ ಮೊಣಕಾಲು ಉಜ್ಜಿಕೊಳ್ಳುತ್ತಾ ಎದ್ದ. ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಎರಡು ಬೀದಿ ಆಚೆ ಒಬ್ಬಳೇ ಇದ್ದ ಅವನ ತಾಯಿ ಏಡಾ ಹಿತ್ತಿಲ ಮೆಟ್ಟಿಲಲ್ಲಿ ಬಿದ್ದಿದ್ದಳು.

ಹದಿನಾಲ್ಕು ತಿಂಗಳು ಗ್ಯಾರೇಜಿನ ಕಡೆ ಸಿರಿಲ್ ತಲೆ ಹಾಕಲಿಲ್ಲ.

ಏಡಾಳನ್ನು ಮನೆಗೆ ತಂದು ಊಟದ ಕೋಣೆಯಲ್ಲಿ ಮಂಚ ಹಾಕಿದರು. ಸೊಂಟ ಕೂಡಿತು, ತಲೆ ಕೂಡಲಿಲ್ಲ. ಹುಡುಗಿಯಾಗಿದ್ದಾಗ ಹಿತ್ತಿಲ ಕುಲುಮೆಯಲ್ಲಿ ಸರಪಳಿ ಬಡಿದ ಹೆಂಗಸು ಅವಳು. ಎಂಬತ್ತೊಂದರ ವಯಸ್ಸಿನಲ್ಲೂ ಮುಂಗೈ ಗಂಡಸಿನದರಂತೆ ಇತ್ತು. ಬೆಳಿಗ್ಗೆ ಎದ್ದು ಸುತ್ತಿಗೆ ಎಲ್ಲಿ ಎಂದು ಕೇಳುವಳು. ಬ್ರೆಡ್ಡಿನ ಡಬ್ಬಿಯಲ್ಲಿ ಚಪ್ಪಲಿ ಇಡುವಳು. ಮೇವಿಸಳನ್ನು ಒಮ್ಮೆ ತನ್ನ ಸತ್ತ ತಂಗಿ ಎಂದೂ ಒಮ್ಮೆ ಬಾಡಿಗೆ ವಸೂಲಿಗೆ ಬಂದವಳೆಂದೂ ತಿಳಿಯುವಳು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುವ ಕೆಲಸ ಮೇವಿಸಳಿಗೆ ಬಹಳ ಇಷ್ಟವಾಗಿತ್ತು, ಅದನ್ನು ಬಿಟ್ಟಳು. ಯಾರೂ ಬಿಡು ಅನ್ನಲಿಲ್ಲ, ಬಿಡಬೇಡ ಎಂದೂ ಅನ್ನಲಿಲ್ಲ. ಮನೆಯಲ್ಲಿ ಇಂಥ ಕೆಲಸಗಳು ಹಾಗೇ ಬಂದು ಹೆಂಗಸಿನ ಮಡಿಲಿಗೆ ಬೀಳುತ್ತವೆ, ನೋಡಿದರೆ ನನಗೆ ಮೈ ಉರಿಯುತ್ತದೆ.

ಮಧ್ಯಾಹ್ನ ಎರಡರಿಂದ ಮೂರರವರೆಗೆ ಅತ್ತೆ ನಿದ್ದೆ ಹೋಗುತ್ತಿದ್ದಳು. ಮೊದಮೊದಲು ಆ ಹೊತ್ತಿನಲ್ಲಿ ಮೇವಿಸ್ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಒಂದು ದಿನ ಬಕೆಟ್ ಹುಡುಕುತ್ತಾ ಗ್ಯಾರೇಜಿಗೆ ಹೋದವಳು, ಮುಸುಕು ಹೊದ್ದು ಕೂತ ಕಾರನ್ನು ಕಂಡು, ಕಂಬಳಿ ಸರಿಸಿ, ಸುಮ್ಮನೆ ಒಳಗೆ ಇಳಿದು ಕೂತಳು. ಕಾಲು ತಾನಾಗಿ ಗೆರೆಯ ಕಡೆ ಚಾಚಿತು. ಗೆರೆ ಅಲ್ಲೇ ಇತ್ತು, ಪಾದ ಅಲ್ಲಿಗೇ ಮುಟ್ಟಿತು. ಕಿಟಕಿಯ ಗಾಜಿನ ಧೂಳಿನಿಂದ ಸೋಸಿದ ಬೆಳಕು ಗ್ಯಾರೇಜನ್ನೆಲ್ಲಾ ಹಾಲಿನ ಬಣ್ಣ ಮಾಡಿತ್ತು. ಎಲ್ಲೋ ದೂರದಲ್ಲಿ ರೈಲು ಹೋಯಿತು. ಮೇವಿಸ್ ಕಣ್ಣು ಮುಚ್ಚಿದಳು, ಕಾರು ಹೊರಟಿತು.

ಸ್ಟೌರ್‌ಬ್ರಿಜ್ ದಾಟಿದ ಮೇಲೆ ಊರಿನ ಹೊಗೆ ಹಿಂದೆ ಉಳಿಯಿತು. ಬ್ರಿಜ್‌ನಾರ್ತಿನಲ್ಲಿ ರಸ್ತೆ ಹೊಳೆಗೆ ಇಳಿಯಿತು, ಸೇತುವೆಯ ಮೇಲೆ ಒಂದು ಕ್ಷಣ ನೀರಿನ ತಂಪು ಮುಖಕ್ಕೆ ಬಡಿಯಿತು. ಆಮೇಲೆ ಹೊಲಗಳು, ಹೊಲಗಳಾದ ಮೇಲೆ ವೇಲ್ಸಿನ ಗುಡ್ಡಗಳು, ಗುಡ್ಡದ ಮೇಲೆ ಅಲ್ಲಾಡದೆ ನಿಂತ ಕುರಿಗಳು. ಗಾಳಿ ತಲೆಗೂದಲನ್ನು ಕಿತ್ತು ಹಿಂದಕ್ಕೆ ಎಸೆಯಿತು. ಕೊನೆಗೆ ಬಾರ್ಮತ್. ಪ್ರತಿ ಬೇಸಿಗೆಯೂ ಕಾರ್ಖಾನೆಯ ರಜೆಯಲ್ಲಿ ಕ್ರೇಡ್ಲಿ ಹೀತ್ ಅರ್ಧಕ್ಕರ್ಧ ಹೋಗಿ ಬೀಳುವ ಅದೇ ಸಮುದ್ರದಂಡೆ. ಅವಳ ಬಾರ್ಮತಿನಲ್ಲಿ ಮಾತ್ರ ಜನರೇ ಇರಲಿಲ್ಲ. ಮರಳು ಇತ್ತು, ಉಬ್ಬರ ಇಳಿದ ಅಳಿವೆಯ ಬೆಳ್ಳಿ ನೀರು ಇತ್ತು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಸಿರಿಲನೂ ಇರಲಿಲ್ಲ. ಅದಕ್ಕೆ ಅವಳಿಗೆ ಮೊದಲ ದಿನ ನಾಚಿಕೆಯಾಯಿತು. ಎರಡನೆಯ ದಿನ ಆಗಲಿಲ್ಲ.

ಮೇವಿಸಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅರವತ್ತೊಂದನೆಯ ಇಸವಿಯಲ್ಲಿ ಸಿರಿಲ್ ಮೂರು ಭಾನುವಾರ ಕಲಿಸಿದ್ದ. ಮೂರನೆಯ ಭಾನುವಾರ ಚರ್ಚಿನ ಗೋಡೆಗೆ ಬಾಗಿಲು ಉಜ್ಜಿತು. "ನಿನ್ ಕೈಲಿ ಆಗೋದಲ್ಲ ಬಿಡು. ನಾನಿದ್ದೀನಲ್ಲ, ಎಲ್ಲಿಗೆ ಬೇಕೋ ಕರ್ಕೊಂಡು ಹೋಗ್ತೀನಿ," ಅಂದ. ಪಾಪ, ಮಾತಿಗೆ ತಪ್ಪದವನು, ಕರೆದುಕೊಂಡು ಹೋದ ಕೂಡ. ಆದರೆ ಅವನು ಹೋಗುವಲ್ಲಿಗೇ ಅವಳೂ ಹೋದಳು, ಅವನಿಗೆ ಹೊರಡಬೇಕೆನಿಸಿದಾಗಲೇ ಅವಳೂ ಹೊರಟಳು. ಇಪ್ಪತ್ತೆರಡು ವರ್ಷ ಅದೊಂದು ಕೊರತೆ ಎಂದು ಅವಳಿಗೆ ಹೊಳೆದೂ ಇರಲಿಲ್ಲ. ಈಗ, ಇಟ್ಟಿಗೆಯ ಮೇಲೆ ನಿಂತ ಈ ತೊಟ್ಟಿಯಲ್ಲಿ, ಎದೆಯೊಳಗೆ ಆಸೆ ಹುಟ್ಟಿಕೊಂಡಿತು. ನಾನೇ ಓಡಿಸಬೇಕು. ಈ ಸೀಟಿನಿಂದ, ಈ ಕಾಲಿನಿಂದ, ನನಗೆ ಹೋಗಬೇಕೆನಿಸಿದ ದಿನ.

ಒಂದು ದಿನ ವಾಪಸು ಬರುವುದು ತಡವಾಯಿತು. ಏಡಾ ದಿಂಬಿಗೊರಗಿ ಎಚ್ಚರವಾಗಿದ್ದಳು.

"ಎಲ್ಲಿಗೆ ಹೋಗಿದ್ದೆ?"

ಮೇವಿಸಳಿಗೆ ಸುಳ್ಳು ಹೇಳಬೇಕೆನಿಸಲಿಲ್ಲ. "ಬಾರ್ಮತ್‌ಗೆ ಹೋಗಿದ್ದೆ ಅಮ್ಮ."

"ಸಮುದ್ರ ಇತ್ತಾ?"

"ಇತ್ತು."

"ಒಳ್ಳೇದಾಯ್ತು. ನನ್ನ ಗಂಡ ಒಂದು ಸಲ ಕರ್ಕೊಂಡು ಹೋಗಿದ್ದ, ಆವತ್ತು ಇರಲಿಲ್ಲ," ಎಂದು ಏಡಾ ಮತ್ತೆ ಕಣ್ಣು ಮುಚ್ಚಿದಳು.

ದಿನಾ ಹಿಮ್ಮಡಿ ಉಜ್ಜಿ ಉಜ್ಜಿ ಸೀಮೆಸುಣ್ಣದ ಗೆರೆ ಮಾಸತೊಡಗಿತು. ಮೇವಿಸ್ ಕಪಾಟಿನಿಂದ ಸೀಮೆಸುಣ್ಣ ತೆಗೆದು, ಬಗ್ಗಿ, ಹಳೆಯ ಗೆರೆಯ ಮೇಲೇ ಹೊಸದಾಗಿ ತಿದ್ದಿದಳು. ಹದಿನಾಲ್ಕು ತಿಂಗಳಲ್ಲಿ ಹಾಗೆ ನಾಲ್ಕೈದು ಸಲ ತಿದ್ದಿರಬೇಕು.

ಫೆಬ್ರವರಿಯ ಹಿಮದಲ್ಲಿ ಏಡಾ ತೀರಿಕೊಂಡಳು. ಸಿರಿಲ್ ಒಂದೂವರೆ ತಿಂಗಳು ಕುರ್ಚಿಯಲ್ಲಿ ಕೂತು ಗೋಡೆ ನೋಡಿದ. ಕೊನೆಕೊನೆಗೆ ತಾಯಿ ಅವನನ್ನೂ ಗುರುತಿಸದೆ, "ಯಾರಪ್ಪಾ ನೀನು, ಒಳ್ಳೇ ಹುಡುಗ," ಎನ್ನುತ್ತಿದ್ದಳು. ಅದು ಅವನ ಒಳಗೆ ಎಲ್ಲೋ ಮುರಿದುಕೊಂಡು ಕೂತಿತ್ತು. ಏಪ್ರಿಲಿನಲ್ಲಿ ಮೇವಿಸಳೇ ಅವನ ಕೈಗೆ ಗ್ಯಾರೇಜಿನ ಬೀಗದ ಕೈ ಕೊಟ್ಟು, "ಹೋಗು, ಏನಾದ್ರೂ ಬಡಿ," ಎಂದು ಅಟ್ಟಿದಳು. ಅರ್ಧ ಗಂಟೆಯ ಮೇಲೆ ಟೀ ತೆಗೆದುಕೊಂಡು ಹೋದಾಗ ಅವನು ಟಾರ್ಚು ಹಿಡಿದು ಕಾರಿನ ನೆಲ ನೋಡುತ್ತಿದ್ದ.

"ಒಂದೇ ಗೆರೆ ಇದೆ. ನನ್ನ ಗೆರೆ ಎಳೆದಿದ್ದೆನಾ ನಾನು?"

ಮೇವಿಸ್ ಟೀ ಲೋಟ ಬೆಂಚಿನ ಮೇಲಿಟ್ಟಳು.

"ಇದು ನಂದೇನಾ ಮೇವಿಸ್? ಹೊಸದಾಗಿ ಕಾಣುತ್ತೆ."

ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಇತ್ತು. ಆ ಹೊತ್ತಿನಲ್ಲಿ ಅವಳು ನಿಜ ಹೇಳಬಹುದಿತ್ತು, ಹೇಳಬೇಕೆಂದೇ ಬಾಯಿ ತೆರೆದಳು.

"ಹೂಂ. ಅದೇ," ಅಂದಳು.

ಅವನು ನಂಬಿದ. ಮೂವತ್ತು ವರ್ಷ ಗೆರೆಯನ್ನು ನಂಬಿ ಬದುಕಿದವನಿಗೆ, ಅದೂ ಹೆಂಡತಿ ಹೌದು ಎಂದ ಮೇಲೆ, ಅನುಮಾನ ಎಲ್ಲಿಂದ ಬರಬೇಕು? ಆ ಭಾನುವಾರವೇ ಪೆಡಲ್ ಪೆಟ್ಟಿಗೆ ಕೂತಿತು. ರಿವೆಟ್ ಒಂದೊಂದೂ ಟಪ್ ಟಪ್ ಎಂದು ಬೀಳುವ ಸದ್ದು ಅಡುಗೆಮನೆಯವರೆಗೂ ಕೇಳಿತು. ಮೇವಿಸ್ ಬಟಾಣಿ ಬಿಡಿಸುತ್ತಾ ಆ ಸದ್ದುಗಳನ್ನು ಎಣಿಸಿದಳು. ಇದು ಕಳ್ಳತನವೇ ಎಂದುಕೊಂಡಳು. ಆದರೂ ಆ ಸಂಜೆ ಅವಳು ಹಾಡು ಗುನುಗುತ್ತಿದ್ದಳು, ಅದನ್ನೂ ಮುಚ್ಚಿಡುವುದು ಬೇಡ.

ಮುಂದಿನ ನಾಲ್ಕು ವರ್ಷ ಕಾರು ಮನೆಯೊಳಗೆಲ್ಲಾ ಬೆಳೆಯಿತು. ಕಾರ್ಬ್ಯುರೇಟರ್ ಪುಡಿಂಗ್ ಬೇಯಿಸುವ ಪಾತ್ರೆಯಲ್ಲಿ ಕುದಿಯಿತು. ಬೇರಿಂಗು ಸಲೀಸಾಗಿ ಕೂರಲೆಂದು ಚಕ್ರದ ಗುಂಬವನ್ನು ಭಾನುವಾರದ ಮಾಂಸದ ಪಕ್ಕದಲ್ಲೇ ಓವನ್ನಿನಲ್ಲಿ ಬಿಸಿಮಾಡಿದರು. ಆವತ್ತಿನ ಗ್ರೇವಿ ಯಾಕೋ ಕಪ್ಪಗಿತ್ತು, ಯಾರೂ ಕೇಳಲಿಲ್ಲ. ಮಗಳು ಗ್ಲಿನಿಸಳ ಮದುವೆಗೆ ವೇಲ್ಸಿನಿಂದ ಬಂದ ಚಿಕ್ಕಮ್ಮ ಅತಿಥಿ ಕೋಣೆಯ ಮಂಚವನ್ನು ಕಾರಿನ ಬಾನೆಟ್ಟಿನ ಜೊತೆ ಹಂಚಿಕೊಂಡು ಮಲಗಿದಳು. ಬೆಳಿಗ್ಗೆ, "ನನ್ನ ಗಂಡನಿಗಿಂತ ವಾಸಿ, ಗೊರಕೆ ಹೊಡೆಯೋದಿಲ್ಲ," ಎಂದಳು. ಸಿರಿಲನಿಗೆ ಹಸಿವಾದರೆ ಗ್ಯಾರೇಜಿನಿಂದಲೇ ಕೂಗು. ಮೇವಿಸಳಿಗೆ ಅವನು ಬೇಕಾದರೆ ಗೋಡೆಗೆ ಚಮಚದಿಂದ ಎರಡು ಸಲ ಬಡಿಯುವುದು. ಹಗಲು ಅವನು ಕಾರ್ಖಾನೆಯಲ್ಲಿದ್ದಾಗ ಅವಳು ಇಳಿದು ಕೂರುತ್ತಿದ್ದಳು. ಈಗ ಕಾಲಿಗೆ ಗೆರೆಯಲ್ಲ, ನಿಜವಾದ ಪೆಡಲ್ ಸಿಗುತ್ತಿತ್ತು. ಒತ್ತಿದರೆ ಸ್ಪ್ರಿಂಗು ಮೆಲ್ಲಗೆ ಹಿಂದಕ್ಕೆ ಒತ್ತುತ್ತಿತ್ತು, ಯಾರೋ ಕೈಕುಲುಕಿದ ಹಾಗೆ.

ಒಮ್ಮೊಮ್ಮೆ ಭಯವಾಗುತ್ತಿತ್ತು. ಒಂದಲ್ಲ ಒಂದು ದಿನ ಅವನು ಕೂರಲೇಬೇಕಲ್ಲ. ಆಗ? ಆ ಯೋಚನೆ ಬಂದಾಗಲೆಲ್ಲಾ ಅವಳು ಕಣ್ಣು ಮುಚ್ಚಿ ಬ್ರಿಜ್‌ನಾರ್ತಿನ ಇಳಿಜಾರಿಗೆ ಹೊರಟುಬಿಡುತ್ತಿದ್ದಳು.

ಆ ದಿನ ಎಂಬತ್ತೊಂಬತ್ತರ ಮೇ ತಿಂಗಳ ಶನಿವಾರ ಬಂತು. ಹೊರೇಸ್ ಮತ್ತು ಗ್ಲಿನಿಸಳ ಗಂಡ ಸೇರಿ ಕಾರನ್ನು ಹೊರಗೆ ತಳ್ಳಿದರು. ಗಾಢ ಹಸಿರು ಬಣ್ಣ, ಬಿಸಿಲಿಗೆ ಈಗಷ್ಟೇ ತೊಳೆದ ಎಲೆಯಂತೆ ಹೊಳೆಯಿತು. ಅಕ್ಕಪಕ್ಕದವರೆಲ್ಲಾ ಬೇಲಿಗೆ ಬಂದರು. ಗ್ಲಿನಿಸ್ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಸಿರಿಲ್ ಬೂಟು ಬಿಚ್ಚಿ ತೆಳು ಅಡಿಯ ಕ್ಯಾನ್ವಾಸ್ ಷೂ ಹಾಕಿಕೊಂಡ. ಆರು ವರ್ಷ ತಟ್ಟೆಯ ಅಂಚಿನಲ್ಲಿ ಇಟ್ಟುಕೊಂಡದ್ದನ್ನು ಈಗ ತಿನ್ನಲು ಹೊರಟ ಮುಖ. ಒಂದು ಕಾಲು ಹಾಕಿದ, ಇನ್ನೊಂದು ಹಾಕಿದ, ಎರಡು ಕೈಯೂರಿ ಕೆಳಗಿಳಿದ.

ಮಂಡಿಗಳು ಸ್ಟಿಯರಿಂಗ್ ಚಕ್ರದ ಎರಡು ಬದಿಯಿಂದ ಮೇಲೆದ್ದು ಕಿವಿಯ ಹತ್ತಿರ ಬಂದು ನಿಂತವು.

"ಅಯ್ಯೋ, ಕೊಳದ ಕಪ್ಪೆ!" ಎಂದ ಹೊರೇಸ್. ಬೇಲಿಯುದ್ದಕ್ಕೂ ನಗು ಹರಿಯಿತು. ಕೂಸು ಕೂಡ ಕೈ ತಟ್ಟಿತು. ಸಿರಿಲ್ ಎಡಗಾಲು ಎತ್ತಿ ಕ್ಲಚ್ಚಿಗೆ ಇಡಲು ನೋಡಿದ, ಆಗಲಿಲ್ಲ. ಮತ್ತೆ ನೋಡಿದ. ಆಮೇಲೆ ಹೊರಬಂದು, ಜೇಬಿನಿಂದ ಅಳತೆಪಟ್ಟಿ ತೆಗೆದು, ಬಗ್ಗಿ ಅಳೆದ. ಎರಡು ಸಲ ಅಳೆದ. ಅವನ ಮುಖ ನೋಡಿ ನಗು ತಾನಾಗಿ ನಿಂತಿತು.

"ಐದೂಕಾಲು ಇಂಚು," ಎಂದ, ಯಾರಿಗೂ ಅಲ್ಲ. ಕಾರನ್ನು ಮತ್ತೆ ಒಳಗೆ ತಳ್ಳಿಸಿ ಬಾಗಿಲು ಹಾಕಿಕೊಂಡ.

ಮೇವಿಸ್ ಬೈಗುಳಕ್ಕೆ ಸಿದ್ಧಳಾಗಿದ್ದಳು. ಬೈಗುಳ ಬರಲಿಲ್ಲ. ಭಾನುವಾರ ಸಿರಿಲ್ ತಟ್ಟೆಯಲ್ಲಿದ್ದುದನ್ನು ಹಾಗೇ ಬಿಟ್ಟ. ಸೋಮವಾರ ಕೆಲಸಕ್ಕೆ ಹೋಗಲಿಲ್ಲ. ಮೂವತ್ತಾರು ವರ್ಷದಲ್ಲಿ ಅವನು ಕೆಲಸ ತಪ್ಪಿಸಿದ ದಿನಗಳನ್ನು ಒಂದು ಕೈಯಲ್ಲಿ ಎಣಿಸಬಹುದು. ಮಂಗಳವಾರ ಬೆಳಿಗ್ಗೆ ಅವಳು ಮೆಟ್ಟಿಲಿಳಿದು ಬಂದಾಗ ಅವನು ಅಡುಗೆಮನೆಯ ಮೇಜಿಗೆ ಕೂತು, ಹಳೆಯ ಲಕೋಟೆಯ ಹಿಂಬದಿಯಲ್ಲಿ ಏನೋ ಬರೆಯುತ್ತಿದ್ದ. ಇಣುಕಿ ನೋಡಿದಳು. ಅವನ ಜೊತೆ ಕೆಲಸಕ್ಕೆ ಸೇರಿದವರ ಹೆಸರುಗಳು, ಬೀದಿಯ ಮನೆಗಳಲ್ಲಿದ್ದವರ ಹೆಸರುಗಳು.

"ಇದೇನು?"

"ನೆನಪಿದೆಯಾ ಅಂತ ನೋಡ್ಕೋತಿದ್ದೀನಿ." ಅವನು ತಲೆ ಎತ್ತಲಿಲ್ಲ. "ಅಮ್ಮನಿಗೂ ಹಿಂಗೇ ಶುರುವಾಗಿದ್ದು. ಮೊದಲು ಸಣ್ಣಪುಟ್ಟದು ಮರೆತಳು. ನಾನು ಗೆರೆ ಎಳೆದೆನೋ ಇಲ್ಲವೋ, ನನಗೆ ನೆನಪೇ ಇಲ್ಲ ಮೇವಿಸ್. ನಿನ್ನ ಗೆರೆ ಇಟ್ಕೊಂಡು ನನ್ನ ಪೆಡಲ್ ಹೊಡೆದಿದ್ದೀನಿ. ಟೂಲ್ ರೂಮಿಗೆ ಇವತ್ತು ಸೇರಿದ ಹುಡುಗ ಕೂಡ ಮಾಡೋ ತಪ್ಪಲ್ಲ ಇದು." ಇನ್ನೊಂದು ಹೆಸರು ಬರೆದು ಅಡಿಗೆರೆ ಎಳೆದ. "ಕೆಲಸ ಬಿಡ್ತೀನಿ. ಇನ್ನೊಬ್ಬರ ಬೆರಳು ಕತ್ತರಿಸೋ ಮೊದಲು ಬಿಡೋದು ಒಳ್ಳೇದು."

ಮೇವಿಸ್ ಬೈಗುಳ, ಜಗಳ, ವಾರಗಟ್ಟಲೆ ಮೌನ, ಎಲ್ಲವನ್ನೂ ಲೆಕ್ಕ ಹಾಕಿದ್ದಳು, ಇದನ್ನು ಹಾಕಿರಲಿಲ್ಲ. ಹೇಳಿದರೆ ಸೀಟು ಹೋಗುತ್ತದೆ. ರಿವೆಟ್ ಕಿತ್ತು ಪೆಟ್ಟಿಗೆ ಮುಂದಕ್ಕೆ ತಳ್ಳುವುದು ಅವನಿಗೆ ಒಂದು ತಿಂಗಳ ಕೆಲಸ. ಆಮೇಲೆ ಅವಳ ಕಾಲು ಮತ್ತೆ ಯಾವ ಪೆಡಲ್ಲಿಗೂ ಎಟುಕುವುದಿಲ್ಲ. ಹೇಳದಿದ್ದರೆ ಈ ಮನುಷ್ಯ ತನ್ನ ತಲೆಯನ್ನೇ ನಂಬದೆ ಉಳಿದ ಬಾಳನ್ನೆಲ್ಲಾ ಲಕೋಟೆಯ ಹಿಂದೆ ಹೆಸರು ಬರೆಯುತ್ತಾ ಕಳೆಯುತ್ತಾನೆ. ಕುರ್ಚಿ ಎಳೆದುಕೊಂಡು ಕೂತಳು.

"ನಿನ್ನ ತಲೆ ಸರಿಯಾಗೇ ಇದೆ ಸಿರಿಲ್. ನೀನು ಗೆರೆ ಎಳೆದಿರಲೇ ಇಲ್ಲ. ನೀನು ಕೇಳಿದೆ, ನಾನು ಸುಳ್ಳು ಹೇಳಿದೆ."

ಅವನು ತಲೆ ಎತ್ತಿದ.

"ಅದು ನನ್ನ ಗೆರೆ ಅಂತ ನನಗೆ ಗೊತ್ತಿತ್ತು. ಮಾಸಿಹೋದಾಗ ತಿದ್ದಿದ್ದೂ ನಾನೇ."

"ಯಾಕೆ?"

"ನನಗೆ ಬೇಕಿತ್ತು." ಅವನ ಮುಂದಿದ್ದ ಲಕೋಟೆಯನ್ನು ಪಕ್ಕಕ್ಕೆ ಸರಿಸಿದಳು. "ಸ್ಕೂಲಿನ ಕೋಟು ಅಕ್ಕನದು. ಮದುವೆ ಬಟ್ಟೆ ಅಕ್ಕನದು, ಪಿನ್ನು ಚುಚ್ಚಿ ಬಿಗಿ ಮಾಡಿದ್ದು. ಈ ಅಡುಗೆ ಕಟ್ಟೆ ಯಾವ ಉದ್ದದ ಹೆಂಗಸಿಗೆ ಕಟ್ಟಿದ್ದೋ, ಇಪ್ಪತ್ತೆಂಟು ವರ್ಷದಿಂದ ಹೆಗಲೆತ್ತಿ ಪಾತ್ರೆ ತೊಳೀತಿದ್ದೀನಿ. ನನ್ನನ್ನ ಕೂರಿಸಿ, ನನ್ನ ಕಾಲು ಅಳೆದು, ಯಾರಾದ್ರೂ ಒಂದು ವಸ್ತು ಮಾಡಿದ್ದರೆ ಅದು ಅದೊಂದೇ. ಅದನ್ನ ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ."

ಸಿರಿಲ್ ಮೊದಲು ಮಾಡಿದ ಕೆಲಸ ಅಂದರೆ ಎರಡು ಕೈಯಿಂದ ಮುಖ ಮುಚ್ಚಿಕೊಂಡು ಅತ್ತದ್ದು. ಸಮಾಧಾನದ ಅಳು ಅದು. ತಲೆ ಸರಿಯಿದೆ, ತಲೆ ಸರಿಯಿದೆ ಎಂದು ತನಗೇ ಹೇಳಿಕೊಂಡ. ಎರಡನೆಯದಾಗಿ ಎದ್ದು, "ನಾಲ್ಕು ವರ್ಷ! ನಾಲ್ಕು ವರ್ಷ ನನ್ನ ಮುಖ ನೋಡ್ಕೊಂಡು ಟೀ ಕೊಟ್ಟಿದ್ದೀಯಲ್ಲೇ!" ಎಂದು ಕೂಗಿ, ಗ್ಯಾರೇಜಿಗೆ ಹೋಗಿ ಬಾಗಿಲು ಬಡಿದುಕೊಂಡ. ಡ್ರಿಲ್ಲಿನ ಸದ್ದು ಶುರುವಾಯಿತು.

ಹೋಗುವುದು ಹೋಗಲಿ, ನ್ಯಾಯವೇ ಅದು, ಎಂದುಕೊಂಡಳು ಮೇವಿಸ್. ಟೀ ಮಾಡಿ ತೆಗೆದುಕೊಂಡು ಹೋದಳು. ಕೆಲವು ರಿವೆಟ್ಟುಗಳು ಆಗಲೇ ನೆಲದ ಮೇಲೆ ಬಿದ್ದಿದ್ದವು. ಸಿರಿಲ್ ಕಾರಿನ ಹೊಟ್ಟೆಯೊಳಗೆ ತಲೆ ತುರುಕಿದ್ದವನು ಹೊರಗೆ ತೆಗೆಯದೆಯೇ ಕೇಳಿದ.

"ಬೇಕು ಅಂತ ಬಾಯಿಬಿಟ್ಟು ಕೇಳಬಾರದಿತ್ತಾ?"

"ಕೇಳಿದ್ರೆ ಕೊಡ್ತಿದ್ಯಾ?"

ಡ್ರಿಲ್ ನಿಂತಿತು. ಸಿರಿಲ್ ಸುಳ್ಳು ಹೇಳುವವನಲ್ಲ, ಸುಮ್ಮನೆ ಬಾಯಿಗೆ ಬಂದದ್ದು ಹೇಳುವವನೂ ಅಲ್ಲ. ತಲೆ ಹೊರಗೆ ತೆಗೆದ. ಹೊರಗೆ ಹೊರೇಸ್ ಹುಲ್ಲು ಕತ್ತರಿಸುವ ಸದ್ದು ಬರುತ್ತಿತ್ತು.

"ಇಲ್ಲ," ಎಂದ ಕೊನೆಗೆ. "ಕೊಡ್ತಿರಲಿಲ್ಲ."

ಮತ್ತೆ ಅವರಿಬ್ಬರೂ ಆ ವಿಷಯ ಎತ್ತಲಿಲ್ಲ. ಐದು ವಾರ ಗ್ಯಾರೇಜಿನಲ್ಲಿ ದೀಪ ಉರಿಯಿತು. ಸಿರಿಲ್ ಪೆಡಲ್ ಪೆಟ್ಟಿಗೆಯನ್ನು ಕಿತ್ತು, ಅದಕ್ಕೆ ಸ್ಟೀಲಿನ ಎರಡು ಹಳಿ ಮಾಡಿ, ಹಿಂದೆ ಮುಂದೆ ಜಾರುವ ಹಾಗೆ ಕೂರಿಸಿದ. ಹಳಿಯಲ್ಲಿ ಎರಡು ತೂತು ಕೊರೆದ. ಯಾವ ತೂತಿಗೆ ಪಿನ್ನು ಹಾಕುತ್ತಾರೋ ಪೆಟ್ಟಿಗೆ ಅಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಎರಡರ ನಡುವೆ ಐದೂಕಾಲು ಇಂಚು. ಆ ಹಳಿಗಳ ಕೆಲಸ ನೋಡಿದರೆ ಕಾರ್ಖಾನೆಯವರು ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ನಯ.

ಕಾಗದಪತ್ರ ಎಲ್ಲಾ ಮುಗಿದು ನಂಬರ್ ಫಲಕ ಬಂದ ದಿನ ಸಿರಿಲ್ ಒಬ್ಬನೇ ಕಾರು ತೆಗೆದುಕೊಂಡು ಹೋದ. ಮೇವಿಸ್ ಬೇಡ ಅನ್ನಲಿಲ್ಲ. ಅದು ಅವನ ಹಕ್ಕು. ಗೇಟಿನ ಬಳಿ ನಿಂತು ಕಾಯುತ್ತಿದ್ದಳು. ಮುಕ್ಕಾಲು ಗಂಟೆಯ ಮೇಲೆ ಬೀದಿಯ ತುದಿಯಲ್ಲಿ ಹಸಿರು ಮೂಗು ಕಾಣಿಸಿತು. ಅವನ ಕೂದಲೆಲ್ಲಾ ಎದ್ದು ನಿಂತಿತ್ತು, ಕಣ್ಣಲ್ಲಿ ಗಾಳಿಗೆ ನೀರು ಬಂದಿತ್ತು, ಹತ್ತು ವರ್ಷ ಚಿಕ್ಕವನಾಗಿ ಕಂಡ. ಎಂಜಿನ್ ಆರಿಸಿದ.

"ಹೆಂಗಿತ್ತು?"

"ಚೆನ್ನಾಗಿತ್ತು ಮೇವಿಸ್. ಬಹಳ ಚೆನ್ನಾಗಿತ್ತು." ಕಣ್ಣೊರೆಸಿಕೊಂಡು, "ಕ್ಲೆಂಟ್ ಗುಡ್ಡದ ಹತ್ತಿರ ಬಿಸಿಲು ಬಿತ್ತು. ಪಕ್ಕಕ್ಕೆ ತಿರುಗಿ ಏನೋ ಹೇಳೋಕೆ ಹೋದೆ, ಯಾರೂ ಇರಲಿಲ್ಲ," ಎಂದ.

ಮೇವಿಸಳಿಗೆ ಮುಖ ಬಿಸಿಯಾಯಿತು. ಯಾರೂ ಇಲ್ಲದ ಆ ಸೀಟು ಅವಳಿಗೆ ಚೆನ್ನಾಗಿ ಗೊತ್ತಿತ್ತು, ನಾಲ್ಕೈದು ವರ್ಷ ಅದರ ಪಕ್ಕದಲ್ಲೇ ಸಂತೋಷವಾಗಿ ಓಡಾಡಿದ್ದಳು. ಅದನ್ನು ಅವನಿಗೆ ಯಾವತ್ತೂ ಹೇಳಬಾರದು ಎಂದು ಆ ಗಳಿಗೆಯಲ್ಲೇ ನಿಶ್ಚಯಿಸಿದಳು.

ಅವನು ಕೆಳಗಿಳಿದು ನೆಲದಲ್ಲಿ ಮಂಡಿಯೂರಿದ. ಪಿನ್ನು ಎಳೆದು ಪೆಟ್ಟಿಗೆಯನ್ನು ಹಿಂದಕ್ಕೆ ಜಾರಿಸಿದ, ಟಕ್ ಎಂದು ಅವಳ ತೂತಿಗೆ ಬಿತ್ತು. ಕಾರಿನ ಹಿಂದೆ ಮುಂದೆ ಕಲಿಯುವವರ ಕೆಂಪು ಅಕ್ಷರದ ಫಲಕ ಕಟ್ಟಿದ. ಅದನ್ನು ಯಾವಾಗ ತಂದಿದ್ದನೋ. ಆಮೇಲೆ ಎಡಗಡೆ ಹತ್ತಿ, ಉದ್ದ ಕಾಲುಗಳನ್ನು ಮಡಚದೆ ಚಾಚಿ ಕೂತ. ಆ ಕಡೆ ಪೆಡಲ್ಲುಗಳಿಲ್ಲ, ಜಾಗ ಬೇಕಾದಷ್ಟು.

"ಹತ್ತು," ಎಂದ.

"ಈಗಲೇ? ಏಪ್ರನ್‌ನಲ್ಲಿದ್ದೀನಲ್ಲೋ."

"ಏಪ್ರನ್‌ಗೆ ಬೇರೆ ಲೈಸೆನ್ಸ್ ಬೇಕಾ? ಹತ್ತು."

ಹೊರೇಸ್ ಬೇಲಿಯಿಂದ ಕೂಗಿದ. "ಸಿರಿಲ್, ಉಯಿಲು ಬರೆದಿಟ್ಟಿದ್ದೀಯಾ?"

ಮೇವಿಸ್ ಹತ್ತಿದಳು. ಕಾಲು ತಾನಾಗಿ ಪೆಡಲ್ಲಿಗೆ ಮುಟ್ಟಿತು. ಕ್ಲಚ್ಚನ್ನು ಬೇಗ ಬಿಟ್ಟಳು, ಕಾರು ಒಮ್ಮೆ ನೆಗೆದು ಸತ್ತಿತು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಮೆಲ್ಲಗೆ ಹೊರಟಿತು. ಮೊದಲ ಮನೆ ಹೋಯಿತು, ಎರಡನೆಯದು ಹೋಯಿತು, ಗಾಳಿ ಅವಳ ಏಪ್ರನ್ನಿನ ಅಂಚನ್ನು ಎತ್ತಿತು. ಬೀದಿಯ ತುದಿಯ ತಿರುವು ಹತ್ತಿರ ಬಂದಂತೆ ಸಿರಿಲನ ಬಲಗಾಲು ಬರಿಯ ನೆಲವನ್ನು ಬಲವಾಗಿ ಒತ್ತತೊಡಗಿತು.

ಮೇವಿಸ್ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಅಲ್ಲಿ ಬ್ರೇಕಿಲ್ಲ ಕಣೋ."

"ಗೊತ್ತು," ಎಂದ ಸಿರಿಲ್. "ನೀನು ಓಡಿಸು."